ರೋಬೋಟಿನ ಹೊಟ್ಟೆಯೊಳಗೆ ಕೂತ ಹುಡುಗ: ‘ಎವಾಂಗೆಲಿಯನ್’ ಮತ್ತು ಮನೋವಿಶ್ಲೇಷಣೆ

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ದಸರಾ ರಜೆಗೆ ನಮ್ಮ ಮನೆಗೆ ಬಂದವನು ಮೂರು ದಿನ ಮೊಬೈಲ್ ಹಿಡಿದು ಸೋಫಾದ ಮೂಲೆ ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ತಾನಾಗಿಯೇ ಬಂದ. ‘ಮಾಮ, 24 ಎಪಿಸೋಡ್ ರೋಬೋಟ್ ಫೈಟಿಂಗ್ ಇತ್ತು. ಕೊನೇ ಎರಡರಲ್ಲಿ ಹುಡುಗ ಕುರ್ಚಿ ಮೇಲೆ ಕೂತು ತಲೆ ಕೆಡಿಸಿಕೊಳ್ತಾನೆ. ಆಮೇಲೆ ಎಲ್ರೂ ಸುತ್ತ ನಿಂತು ಚಪ್ಪಾಳೆ ಹೊಡೀತಾರೆ. ಮುಗೀತು. ಏನಿದು? ನೆಟ್‌ನಲ್ಲಿ ನೋಡಿದ್ರೆ ಫ್ರಾಯ್ಡ್, ಸೈಕೋಅನಾಲಿಸಿಸ್ ಅಂತೆಲ್ಲ ಬರೀತಾರೆ.’

ಅವನು ನೋಡಿದ್ದು ‘ನಿಯಾನ್ ಜೆನಿಸಿಸ್ ಎವಾಂಗೆಲಿಯನ್’. ಜಪಾನಿನ ಟಿವಿ ಟೋಕಿಯೋ ವಾಹಿನಿಯಲ್ಲಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಬಂದ 26 ಕಂತುಗಳ ಆನಿಮೆ, ಅಂದರೆ ಜಪಾನಿನ ಆನಿಮೇಷನ್. ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು 2019ರಲ್ಲಿ, ಅದು ನೆಟ್‌ಫ್ಲಿಕ್ಸ್‌ಗೆ ಬಂದಾಗ. ಈಗ ಆನಿಮೆ ಹುಡುಗರ ಗುಟ್ಟಿನ ಹವ್ಯಾಸವಾಗಿ ಉಳಿದಿಲ್ಲ. 2025ರಲ್ಲಿ ‘ಡೀಮನ್ ಸ್ಲೇಯರ್’ ಸಿನಿಮಾಗೆ ನಮ್ಮ ಥಿಯೇಟರ್‌ಗಳೂ ತುಂಬಿದವು. ಮನೆಯ ಮಕ್ಕಳು ಹಗಲೂ ರಾತ್ರಿ ನೋಡುವ ಈ ಚಿತ್ರಗಳ ಬಗ್ಗೆ ದೊಡ್ಡವರು ಪ್ರಶ್ನೆ ಕೇಳತೊಡಗಿದ್ದಾರೆ. ಆ ಪ್ರಶ್ನೆಗಳಲ್ಲಿ ಒಂದನ್ನು, ಅಂದರೆ ಕಾರ್ಟೂನ್‌ಗೂ ಮನೋವಿಶ್ಲೇಷಣೆಗೂ ಎಲ್ಲಿಂದೆಲ್ಲಿಯ ಸಂಬಂಧ ಅನ್ನುವುದನ್ನು, ಇಲ್ಲಿ ಬಿಡಿಸಿ ನೋಡೋಣ. ಕಥೆಯ ಗುಟ್ಟುಗಳೆಲ್ಲ ಇಲ್ಲಿ ರಟ್ಟಾಗುತ್ತವೆ. ಇನ್ನೂ ನೋಡಿಲ್ಲದವರು ಮುಂದೆ ಓದುವ ಮುನ್ನ ಯೋಚಿಸಿ. ಇನ್ನೊಂದು ಮಾತು: ಇದು ಚಿಕ್ಕ ಮಕ್ಕಳಿಗೆ ಹಾಕಿಕೊಡುವ ಕಾರ್ಟೂನ್ ಅಲ್ಲ.

ಮೊದಲು ಕಥೆ

ಕಥೆ ನಡೆಯುವುದು 2015ರಲ್ಲಿ. ಅದಕ್ಕೂ 15 ವರ್ಷ ಮೊದಲು ಅಂಟಾರ್ಕ್ಟಿಕಾದಲ್ಲಿ ಮಹಾಸ್ಫೋಟವಾಗಿ, ಹಿಮ ಕರಗಿ, ಜಗತ್ತಿನ ಅರ್ಧ ಜನ ಸತ್ತಿದ್ದಾರೆ. ಈಗ ‘ಏಂಜೆಲ್’ ಎಂದು ಕರೆಯುವ ವಿಚಿತ್ರ ಜೀವಿಗಳು ಒಂದಾದ ಮೇಲೊಂದು ಟೋಕಿಯೋ-3 ನಗರದ ಮೇಲೆ ಬೀಳುತ್ತಿವೆ. ಅವುಗಳನ್ನು ಎದುರಿಸಲು ‘ನೆರ್ವ್’ ಎಂಬ ಸಂಸ್ಥೆ ‘ಎವಾ’ ಎಂಬ ದೈತ್ಯ ಯಂತ್ರಗಳನ್ನು ಕಟ್ಟಿದೆ. ಅವನ್ನು ಓಡಿಸಬಲ್ಲವರು 14 ವರ್ಷದ ಕೆಲವು ಮಕ್ಕಳು ಮಾತ್ರ.

ಶಿಂಜಿ ಇಕಾರಿ ಅಂಥ ಒಬ್ಬ ಹುಡುಗ. ಅಮ್ಮ ಯುಯಿ ಇವನು ಚಿಕ್ಕವನಿದ್ದಾಗಲೇ ಹೋದಳು. ಅಪ್ಪ ಗೆಂಡೊ ನೆರ್ವ್‌ನ ಮುಖ್ಯಸ್ಥ. ಮಗನನ್ನು ಬೇರೆಯವರ ಹತ್ತಿರ ಬಿಟ್ಟು ಹೋದವನು, ಈಗ ವರ್ಷಗಳ ನಂತರ ಒಂದು ಕಾಗದ ಕಳಿಸಿದ್ದಾನೆ. ಅದರಲ್ಲಿ ಕರೆಯುವ ಮಾತು ಒಂದೇ: ‘ಬಾ’. ಹುಡುಗ ಆಸೆಯಿಂದ ಓಡಿ ಬರುತ್ತಾನೆ. ಅಪ್ಪ ಮೇಲೆ ಎತ್ತರದಲ್ಲಿ ಗಾಜಿನ ಹಿಂದೆ ನಿಂತು ಹೇಳುವುದಿಷ್ಟು: ಈ ಯಂತ್ರ ಹತ್ತು, ಇಲ್ಲಾಂದ್ರೆ ವಾಪಸ್ ಹೋಗು.

ಇಷ್ಟು ಗೊತ್ತಿದ್ದರೆ ಸಾಕು. ಉಳಿದದ್ದು ಬೇಕಾದಾಗ ಹೇಳುತ್ತೇನೆ.

ಮನೋವಿಶ್ಲೇಷಣೆ ಅಂದ್ರೆ ಏನು?

ಒಂದನೇ ಕ್ಲಾಸಿನಲ್ಲಿ ಯಾವುದೋ ಮಗು ಎದ್ದು ನಿಂತು ಮಿಸ್‌ಗೆ ‘ಅಮ್ಮಾ’ ಅಂದುಬಿಡುತ್ತದೆ. ಇಡೀ ಕ್ಲಾಸು ನಗುತ್ತದೆ, ಮಗುವಿನ ಕಿವಿ ಕೆಂಪಾಗುತ್ತದೆ. ನಾವು ಬಾಯಿ ತಪ್ಪಿ ಬಂತು ಅಂತ ಸುಮ್ನಾಗುತ್ತೇವೆ. ವಿಯೆನ್ನಾದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ (1856–1939) ಮಾತ್ರ ಸುಮ್ಮನಾಗಲಿಲ್ಲ. ಬಾಯಿ ತಪ್ಪಿದ್ದು ಸರಿ, ಆದರೆ ಬೇರೆ ಯಾವ ಮಾತೂ ಬರದೆ ಅದೇ ಮಾತು ಯಾಕೆ ಬಂತು ಎಂದು ಕೇಳಿದ.

ಅವನ ಉತ್ತರ ಹೀಗಿತ್ತು. ನಮ್ಮ ಮನಸ್ಸಿನಲ್ಲಿ ನಮಗೇ ಕಾಣದ ಒಂದು ಭಾಗ ಇದೆ. ಸುಪ್ತ ಮನಸ್ಸು ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ, ಇಲ್ಲಿ ಒಳಮನಸ್ಸು ಅನ್ನೋಣ. ನಾಚಿಕೆ, ಭಯ, ನೋವು ತರುವ ಆಸೆಗಳನ್ನು ನಾವು ಅಲ್ಲಿಗೆ ಅದುಮಿ ಕಳಿಸುತ್ತೇವೆ. ಅವು ಅಲ್ಲಿ ತೆಪ್ಪಗೆ ಕೂರುವುದಿಲ್ಲ. ಕನಸಾಗಿ, ತಮಾಷೆಯಾಗಿ, ಬಾಯಿ ತಪ್ಪಿದ ಮಾತಾಗಿ, ಬಿಡಲಾಗದ ಚಟವಾಗಿ ವೇಷ ಹಾಕಿಕೊಂಡು ಹೊರಗೆ ಬರುತ್ತವೆ. ಅಷ್ಟೇ ಅಲ್ಲ, ಬದುಕಿನ ಮೊದಲ ಕೆಲವು ವರ್ಷಗಳಲ್ಲಿ ಅಪ್ಪ ಅಮ್ಮನ ಜೊತೆ ನಮಗಿದ್ದ ನಂಟು ಒಂದು ಅಚ್ಚಿನ ಹಾಗೆ. ಮುಂದೆ ಸ್ನೇಹ, ಪ್ರೀತಿ, ಜಗಳ ಎಲ್ಲ ಹೆಚ್ಚುಕಡಿಮೆ ಅದೇ ಅಚ್ಚಿನಲ್ಲಿ ಎರಕವಾಗುತ್ತವೆ.

ಹಳೇ ಮನೆಗಳಲ್ಲಿ ಪಾತಾಳಗರಡಿ ಅಂತ ಇರುತ್ತಿತ್ತು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಕೊಕ್ಕೆಗಳ ಗೊಂಚಲು. ತಳ ಕಾಣುವುದಿಲ್ಲ. ಹಗ್ಗ ಇಳಿಬಿಟ್ಟು ತಡಕಾಡಬೇಕು. ಒಮ್ಮೊಮ್ಮೆ ಬಿಂದಿಗೆ ಹುಡುಕಲು ಹೋದರೆ ಹತ್ತು ವರ್ಷದ ಹಿಂದೆ ಕಳೆದ ಚೊಂಬು ಸಿಗುತ್ತಿತ್ತು. ಮನೋವಿಶ್ಲೇಷಣೆಯ ಕೆಲಸ ಹೆಚ್ಚುಕಡಿಮೆ ಇದೇ. ರೋಗಿ ಮಲಗಿ ತಲೆಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋಗುತ್ತಾನೆ. ಡಾಕ್ಟರು ಹಗ್ಗ ಹಿಡಿದು ಕೊಕ್ಕೆಗೆ ಏನು ತಾಗಿತು ಎಂದು ಗಮನಿಸುತ್ತಿರುತ್ತಾರೆ.

ಬರೆದ ಚಿತ್ರಕ್ಕೆ ಒಳಮನಸ್ಸು ಎಲ್ಲಿಂದ ಬಂತು?

ನ್ಯಾಯವಾದ ಪ್ರಶ್ನೆ. ಶಿಂಜಿ ಎಂಬ ಹುಡುಗನೇ ಇಲ್ಲ. ಇರುವುದು ಗೆರೆ ಮತ್ತು ಬಣ್ಣ. ಅವನನ್ನು ಮಂಚದ ಮೇಲೆ ಮಲಗಿಸಿ ಕೇಳಲು ಆಗುವುದಿಲ್ಲ.

ಆದರೆ ಆನಿಮೇಷನ್‌ಗೆ ಒಂದು ವಿಶೇಷ ಇದೆ. ಕ್ಯಾಮೆರಾ ಇಟ್ಟು ತೆಗೆದ ಸಿನಿಮಾದಲ್ಲಿ ಒಂದು ನಾಯಿ ಅಕಸ್ಮಾತ್ತಾಗಿ ಹಿಂದಿನಿಂದ ಹಾದುಹೋಗಬಹುದು. ಆನಿಮೇಷನ್‌ನಲ್ಲಿ ನಾಯಿ ಹಾದುಹೋದರೆ, ಯಾರೋ ಕೂತು ಆ ನಾಯಿಯನ್ನು ಬರೆದಿದ್ದಾರೆ ಎಂದೇ ಅರ್ಥ. ಯಾವ ವಸ್ತುವೂ ಪುಕ್ಕಟೆ ಬರುವುದಿಲ್ಲ. ಹಾಗಾಗಿ ಕನಸಿನಲ್ಲಿ ಕೇಳುವ ಹಾಗೆ ಇಲ್ಲೂ ಕೇಳಬಹುದು: ಈ ವಸ್ತು ಇಲ್ಲಿ ಯಾಕಿದೆ, ಇದರ ಜಾಗದಲ್ಲಿ ಬೇರೊಂದು ಯಾಕಿಲ್ಲ?

‘ಎವಾಂಗೆಲಿಯನ್’ ವಿಷಯದಲ್ಲಂತೂ ಈ ಓದು ಹೊರಗಿನಿಂದ ತಂದು ಹೇರಿದ್ದಲ್ಲ. ಪ್ರತಿ ಕಂತಿಗೂ ಒಂದು ಜಪಾನಿ ಹೆಸರು, ಮಧ್ಯದಲ್ಲಿ ಬರುವ ಇನ್ನೊಂದು ಇಂಗ್ಲಿಷ್ ಹೆಸರು ಇದೆ. ಆ ಇಂಗ್ಲಿಷ್ ಹೆಸರುಗಳನ್ನು ನೋಡಿ. 16ನೆಯದು ‘ಸ್ಪ್ಲಿಟಿಂಗ್ ಆಫ್ ದಿ ಬ್ರೆಸ್ಟ್’, ಅಂದರೆ ಮೊಲೆ ಎರಡಾಗಿ ಒಡೆಯುವುದು. 18ನೆಯದು ‘ಆಂಬಿವೇಲೆನ್ಸ್’, ಒಬ್ಬರ ಮೇಲೇ ಪ್ರೀತಿ ಮತ್ತು ದ್ವೇಷ ಎರಡೂ ಇರುವುದು. 19ನೆಯದು ‘ಇಂಟ್ರೊಜೆಕ್ಷನ್’, ಹೊರಗಿನದನ್ನು ಮನಸ್ಸಿನೊಳಗೆ ನುಂಗಿಕೊಳ್ಳುವುದು. 20ನೆಯದರಲ್ಲಿ ‘ಓರಲ್ ಸ್ಟೇಜ್’ ಎಂಬ ಮಾತಿದೆ, ಮಗು ಬಾಯಿಂದಲೇ ಜಗತ್ತನ್ನು ತಿಳಿಯುವ ಹಂತ. ಎಲ್ಲವೂ ಮನೋವಿಶ್ಲೇಷಣೆಯ ಪಾಠದ ಪದಗಳು. ನಿರ್ದೇಶಕ ಹಿದೆಆಕಿ ಆನ್ನೊ ಇದಕ್ಕೆ ಮುಂಚೆ ನಾಲ್ಕು ವರ್ಷ ಏನೂ ಮಾಡಲಾಗದೆ ಕುಸಿದುಹೋಗಿದ್ದಾಗಿ ತಾನೇ ಬರೆದುಕೊಂಡಿದ್ದಾನೆ. ಕೊಕ್ಕೆ ಇಳಿಸಿ ಅಂತ ಅವರೇ ಬಾವಿಯ ಮುಚ್ಚಳ ತೆಗೆದಿಟ್ಟಿದ್ದಾರೆ.

ಯಂತ್ರದ ಒಳಗೆ ಅಮ್ಮ

ಎವಾ ಹತ್ತುವುದು ಹೇಗೆ ಅನ್ನುವುದನ್ನು ನಿಧಾನವಾಗಿ ನೋಡೋಣ. ಇಡೀ ಸರಣಿಯ ಬೀಗದಕೈ ಇಲ್ಲೇ ಇದೆ.

ಶಿಂಜಿ ಉದ್ದನೆಯ ಒಂದು ಕೊಳವೆಯೊಳಗೆ ಕೂರುತ್ತಾನೆ. ಆ ಕೊಳವೆಯನ್ನು ದೈತ್ಯದ ಬೆನ್ನಿನೊಳಕ್ಕೆ ತೂರಿಸುತ್ತಾರೆ. ಆಮೇಲೆ ಕೊಳವೆಯ ತುಂಬ ಕಿತ್ತಳೆ ಬಣ್ಣದ ದ್ರವ ತುಂಬಿಕೊಳ್ಳುತ್ತದೆ. ಹುಡುಗ ಮೊದಲು ಉಸಿರು ಕಟ್ಟಿ ಒದ್ದಾಡುತ್ತಾನೆ. ಆಮೇಲೆ ಆ ದ್ರವವನ್ನೇ ಶ್ವಾಸಕೋಶಕ್ಕೆ ಎಳೆದುಕೊಂಡು ಉಸಿರಾಡಲು ಕಲಿಯುತ್ತಾನೆ. ದೈತ್ಯಕ್ಕೆ ವಿದ್ಯುತ್ ಬರುವುದು ಬೆನ್ನಿಗೆ ಸಿಕ್ಕಿಸಿದ ಒಂದು ದಪ್ಪ ಕೇಬಲ್‌ನಿಂದ. ಅದಕ್ಕೆ ಅವರಿಟ್ಟ ಹೆಸರು ‘ಅಂಬಿಲಿಕಲ್ ಕೇಬಲ್’. ಕನ್ನಡದಲ್ಲಿ ಹೇಳಿದರೆ ಹೊಕ್ಕುಳಬಳ್ಳಿ. ಅದು ಕಿತ್ತುಹೋದರೆ ಒಳಗಿನ ಬ್ಯಾಟರಿ ಐದು ನಿಮಿಷ ಮಾತ್ರ.

ನೀರು ತುಂಬಿದ ಚೀಲ, ಅದರೊಳಗೆ ಮುದುಡಿ ಕೂತ ಮಗು, ಹೊಕ್ಕುಳಬಳ್ಳಿ. ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕಥೆ ಮುಂದುವರಿದಂತೆ ಎವಾ ಬರೀ ಕಬ್ಬಿಣದ ಯಂತ್ರವಲ್ಲ ಎಂದು ಗೊತ್ತಾಗುತ್ತದೆ. ಕವಚದ ಒಳಗೆ ಮಾಂಸ ಇದೆ, ರಕ್ತ ಇದೆ. ಶಿಂಜಿಯ ಯಂತ್ರದ ಒಳಗೆ ಇರುವ ಜೀವ, ಹಿಂದೆ ಒಂದು ಪ್ರಯೋಗದಲ್ಲಿ ಅದರೊಳಗೆ ಕರಗಿಹೋದ ಅವನ ಅಮ್ಮನದು. ಪ್ರತಿ ಸಲ ಅವನು ಯುದ್ಧಕ್ಕೆ ಹೋಗುವುದೆಂದರೆ ಅಮ್ಮನ ಹೊಟ್ಟೆಗೆ ವಾಪಸ್ ಹೋಗುವುದು. ಅದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಗೊತ್ತಿರುವುದು ಅನ್ನುವ ಸ್ಥಿತಿಯನ್ನೇ ಫ್ರಾಯ್ಡ್ ಒಳಮನಸ್ಸು ಅಂದದ್ದು.

ಮೊದಲ ಕಂತಿನಲ್ಲಿ ಆ ದ್ರವ ತುಂಬಿದಾಗ ಶಿಂಜಿ ಜಪಾನಿಯಲ್ಲಿ ಹೇಳುವ ಮಾತು ‘ಕಿಮೊಚಿ ವರುಯಿ’. ‘ಥೂ, ಹೇಗೋ ಆಗ್ತಿದೆ’ ಅನ್ನಬಹುದು. ಓಕರಿಕೆಯೂ ಅಸಹ್ಯವೂ ಒಟ್ಟಿಗೆ ಇರುವ ಮಾತು. ಇದನ್ನು ನೆನಪಿಟ್ಟುಕೊಳ್ಳಿ.

15ನೇ ಕಂತಿನಲ್ಲಿ ಒಂದು ಪುಟ್ಟ ದೃಶ್ಯ ಇದೆ. ನನಗೆ ಯುದ್ಧಗಳಿಗಿಂತ ಇದೇ ಇಷ್ಟ. ಶಾಲೆಯಲ್ಲಿ ಮಕ್ಕಳೇ ಕ್ಲಾಸು ಗುಡಿಸಿ ಒರೆಸುತ್ತಿದ್ದಾರೆ. ರೇ ಎಂಬ ಹುಡುಗಿ, ಅವಳೂ ಎವಾ ಓಡಿಸುವವಳು, ಬಕೆಟ್ಟಿನ ಮುಂದೆ ನಿಂತು ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಾಳೆ. ಶಿಂಜಿ ಸುಮ್ನೆ ನೋಡುತ್ತಾ ನಿಲ್ಲುತ್ತಾನೆ. ಆಮೇಲೆ ಅವಳಿಗೆ ಹೇಳುತ್ತಾನೆ, ನೀನು ಬಟ್ಟೆ ಹಿಂಡುವಾಗ ಅಮ್ಮನ ಥರ ಕಂಡೆ ಅಂತ. ರೇ ಮುಖ ಕೆಂಪಾಗುತ್ತದೆ. ನೋಡುವವರಿಗೆ ಇದು ಹದಿಹರೆಯದ ಮುಜುಗರದ ಮಾತು. ಮುಂದೆ ತಿಳಿಯುವ ಸತ್ಯ ಏನೆಂದರೆ, ರೇ ಅವನ ಅಮ್ಮನ ದೇಹದ ಅಂಶದಿಂದಲೇ ಮಾಡಿದ ಹುಡುಗಿ. ಮಿಸ್‌ಗೆ ‘ಅಮ್ಮಾ’ ಅಂದ ಮಗುವಿನ ಹಾಗೆ ಶಿಂಜಿಯ ಬಾಯಿ ತಪ್ಪಿತು. ತಪ್ಪಿ ನಿಜವನ್ನೇ ಹೇಳಿತು.

ಒಳ್ಳೇ ಅಮ್ಮ, ಕೆಟ್ಟ ಅಮ್ಮ

ಫ್ರಾಯ್ಡ್ ನಂತರ ಬಂದ ಮೆಲನಿ ಕ್ಲೈನ್ (1882–1960) ಲಂಡನ್ನಿನಲ್ಲಿ ಪುಟ್ಟ ಮಕ್ಕಳ ಆಟಗಳನ್ನು ನೋಡುತ್ತಾ ಅವರ ಮನಸ್ಸನ್ನು ಓದಿದವಳು. ಅವಳ ಪ್ರಕಾರ ಹಸುಗೂಸಿಗೆ ಅಮ್ಮ ಇಡಿಯಾಗಿ ಕಾಣುವುದಿಲ್ಲ. ಹಾಲು ಕೊಡುವ ಮೊಲೆ ಒಂದು, ಅತ್ತರೂ ಬಾರದ ಮೊಲೆ ಇನ್ನೊಂದು. ಒಂದು ದೇವರು, ಇನ್ನೊಂದು ರಾಕ್ಷಸಿ. ಎರಡೂ ಒಬ್ಬಳೇ ಎಂದು ಮಗುವಿಗೆ ತಿಳಿಯಲು ತಿಂಗಳುಗಳು ಬೇಕು. ತಿಳಿದಾಗ ಸಮಾಧಾನದ ಜೊತೆ ತಪ್ಪಿತಸ್ಥ ಭಾವವೂ ಬರುತ್ತದೆ: ನಾನು ಬೈದದ್ದು, ಕಚ್ಚಿದ್ದು ಈ ಅಮ್ಮನನ್ನೇನಾ?

ನಮ್ಮ ಜನಪದ ಕಥೆಗಳ ಮಲತಾಯಿಯನ್ನು ನೆನಪು ಮಾಡಿಕೊಳ್ಳಿ. ಸತ್ತ ತಾಯಿ ಯಾವಾಗಲೂ ದೇವತೆ, ಬದುಕಿರುವ ಮಲತಾಯಿ ಯಾವಾಗಲೂ ಪಾಪಿ. ಕ್ಲೈನ್ ಕಣ್ಣಿನಲ್ಲಿ ನೋಡಿದರೆ ಇವರಿಬ್ಬರೂ ಒಬ್ಬಳೇ ಅಮ್ಮನ ಎರಡು ತುಂಡು.

‘ಮೊಲೆ ಒಡೆಯುವ’ ಹೆಸರಿನ 16ನೇ ಕಂತಿನಲ್ಲಿ ಶಿಂಜಿಯೂ ಅವನ ಎವಾ ಕೂಡ ಒಂದು ಏಂಜೆಲ್‌ನ ಕಪ್ಪು ನೆರಳಿನೊಳಗೆ ಮುಳುಗುತ್ತಾರೆ. ಗಂಟೆಗಟ್ಟಲೆ ಕತ್ತಲು. ಬ್ಯಾಟರಿ ಕೊನೆಯಾಗುತ್ತಿದೆ. ಆಗ ಅವನು ಮನಸ್ಸಿನೊಳಗೆ ಒಂದು ರೈಲಿನಲ್ಲಿ ಕೂತಿದ್ದಾನೆ. ಕಿಟಕಿಯಾಚೆ ಸಂಜೆ ಬಿಸಿಲು, ಎದುರು ಸೀಟಿನಲ್ಲಿ ಇನ್ನೊಬ್ಬ ಶಿಂಜಿ. ಮನುಷ್ಯನ ಒಳಗೆ ಇಬ್ಬರಿರುತ್ತಾರೆ, ನೋಡುವವನು ಮತ್ತು ನೋಡಿಸಿಕೊಳ್ಳುವವನು ಎಂದು ಆ ಎದುರಿನವನು ಹೇಳುತ್ತಾನೆ. ಸಾಯುವ ಹೊತ್ತಿಗೆ ಅಮ್ಮನ ಇರವು ಹತ್ತಿರ ಬಂದಂತಾಗುತ್ತದೆ. ಬೆಚ್ಚಗೆ, ಬೆಳಕಾಗಿ. ಇದು ಒಳಗಿನಿಂದ ಕಂಡದ್ದು.

ಹೊರಗೆ ನಿಂತವರಿಗೆ ಕಾಣುವುದು ಬೇರೆ. ಎವಾ ಆ ಏಂಜೆಲ್‌ನ ಹೊಟ್ಟೆ ಸೀಳಿ, ರಕ್ತ ಚಿಮ್ಮಿಸಿ, ಕಿರುಚುತ್ತಾ ಹೊರಬರುತ್ತದೆ. ಅದನ್ನು ಕಟ್ಟಿದ ವಿಜ್ಞಾನಿಗಳೇ ನಡುಗುತ್ತಾರೆ. ಒಳಗೆ ದೇವತೆಯಾದವಳೇ ಹೊರಗೆ ರಾಕ್ಷಸಿ. ಇದು ಒಂದು ಹೆರಿಗೆಯೂ ಹೌದು. ಕೊನೆಗೆ ಆಸ್ಪತ್ರೆಯಲ್ಲಿ ಶಿಂಜಿ ತನ್ನ ಕೈ ಮೂಸಿ ನೋಡಿಕೊಳ್ಳುತ್ತಾನೆ. ರಕ್ತದ ವಾಸನೆ ಹೋಗ್ತಾನೇ ಇಲ್ಲ ಅನ್ನುತ್ತಾನೆ.

19ರಲ್ಲಿ ಆ ಎವಾ ಬ್ಯಾಟರಿ ಮುಗಿದ ಮೇಲೂ ತಾನಾಗಿಯೇ ಎದ್ದು, ನಾಲ್ಕು ಕಾಲಲ್ಲಿ ತೆವಳಿ ಹೋಗಿ, ಸೋತ ಏಂಜೆಲ್‌ನ್ನು ತಿಂದುಹಾಕುತ್ತದೆ. ಆ ಕಂತಿನ ಹೆಸರು ‘ಇಂಟ್ರೊಜೆಕ್ಷನ್’ ಎಂಬುದು ನೆನಪಿರಲಿ. ಹಂಗೇರಿಯ ಮನೋವಿಶ್ಲೇಷಕ ಫೆರೆಂಜಿ 1909ರಲ್ಲಿ ಈ ಪದ ಕಟ್ಟಿದ್ದು ಮನಸ್ಸಿನ ನುಂಗುವಿಕೆಗೆ. ಆನ್ನೊ ಅದನ್ನು ಹಲ್ಲಿನಿಂದಲೇ ಮಾಡಿಸಿದ. ಅದೇ ಹೊತ್ತಿಗೆ ಶಿಂಜಿಯ ದೇಹವೂ ದ್ರವದಲ್ಲಿ ಕರಗಿಹೋಗುತ್ತದೆ. ಸುಮಾರು ಒಂದು ತಿಂಗಳು ಅವನು ಅಲ್ಲಿ ಬರೀ ದ್ರವ. ಮೇಲೆ ತೇಲುತ್ತಿರುವುದು ಅವನ ಖಾಲಿ ಬಟ್ಟೆ.

ಅಪ್ಪ: ಈಡಿಪಸ್ ಸಾಕೇ?

ಫ್ರಾಯ್ಡ್ ಹೆಸರು ಕೇಳಿದವರಿಗೆಲ್ಲ ಗೊತ್ತಿರುವ ಮಾತು ಈಡಿಪಸ್. ತಿಳಿಯದೆ ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾದ ಗ್ರೀಕ್ ರಾಜ. ಗಂಡುಮಗುವಿಗೆ ಅಮ್ಮ ತನಗೊಬ್ಬನಿಗೇ ಬೇಕು, ಅಪ್ಪ ಅಡ್ಡಗಾಲು. ಆ ಜಿದ್ದನ್ನು ದಾಟಿ ‘ಅಮ್ಮ ನನ್ನವಳಲ್ಲ, ನಾನು ಬೇರೆ’ ಎಂದು ಒಪ್ಪಿಕೊಂಡಾಗ ಮಗು ದೊಡ್ಡದಾಗುತ್ತದೆ ಅನ್ನುವುದು ವಾದ.

ಶಿಂಜಿಯ ಕಥೆಗೆ ಇದು ಹೊಂದುತ್ತದೆ. 19ನೇ ಕಂತಿನಲ್ಲೇ, ಏಂಜೆಲ್ ಬರುವ ಮೊದಲು, ಅವನು ಅಮ್ಮನ ದೇಹದೊಳಗೆ ಕೂತು ಅಪ್ಪನ ಕಚೇರಿಯ ಎದುರು ನಿಲ್ಲುತ್ತಾನೆ. ಇನ್ನು 185 ಸೆಕೆಂಡ್ ಕರೆಂಟ್ ಇದೆ, ಅಷ್ಟರಲ್ಲಿ ಅರ್ಧ ಕಟ್ಟಡ ಪುಡಿ ಮಾಡಬಲ್ಲೆ ಅನ್ನುತ್ತಾನೆ. ಅಪ್ಪ ಒಂದು ಗುಂಡಿ ಒತ್ತಿಸಿ ಮಗನ ಎಚ್ಚರ ತಪ್ಪಿಸುತ್ತಾನೆ.

ಆದರೆ ನಮ್ಮ ಕಡೆಯವರು ಇದನ್ನು ನೋಡಿದರೆ ಇನ್ನೊಂದು ಕಥೆ ನೆನಪಾಗಬೇಕು. ಯಯಾತಿಯದು. ಮುಪ್ಪು ಬಂದ ಅಪ್ಪ ಮಗನ ಯೌವನ ಕೇಳುತ್ತಾನೆ. ಪುರು ಕೊಡುತ್ತಾನೆ. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳಿದ ಎ. ಕೆ. ರಾಮಾನುಜನ್ ಭಾರತದ ಈಡಿಪಸ್ ಕಥೆಗಳ ಬಗ್ಗೆ ಬರೆಯುತ್ತಾ ಇದನ್ನೇ ಎತ್ತಿ ತೋರಿಸಿದರು. ಗ್ರೀಕರಲ್ಲಿ ಮಗ ಅಪ್ಪನನ್ನು ಕೊಲ್ಲುತ್ತಾನೆ. ನಮ್ಮಲ್ಲಿ ಬಹಳ ಸಲ ಅಪ್ಪನ ಆಸೆಗೆ ಮಗ ತನ್ನ ಬದುಕು ತೆರುತ್ತಾನೆ. ಪುರು ಹಾಗೆ, ಭೀಷ್ಮ ಹಾಗೆ. ಅವರು ಉತ್ತರ ಕರ್ನಾಟಕದಲ್ಲಿ ಕೇಳಿ ಬರೆದುಕೊಂಡ ಒಂದು ಕನ್ನಡ ಕಥೆಯಲ್ಲಿ, ತನ್ನ ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತ ಹೆಣ್ಣೊಬ್ಬಳು ತೊಟ್ಟಿಲ ಮಗುವನ್ನು ಮಗ, ಮೊಮ್ಮಗ, ಗಂಡನ ತಮ್ಮ ಎಂದು ಕರೆದು ಜೋಗುಳ ಹಾಡುತ್ತಾಳೆ. ಅಲ್ಲಿ ಕಥೆ ಹೇಳುವುದು ಮಗನಲ್ಲ, ತಾಯಿ.

ಗೆಂಡೊನನ್ನು ಯಯಾತಿ ಅಂದುಕೊಂಡು ನೋಡಿ. ಅವನಿಗೆ ಬೇಕಾದದ್ದು ಒಂದೇ, ಸತ್ತ ಹೆಂಡತಿಯನ್ನು ಮತ್ತೆ ಸೇರುವುದು. ಅದಕ್ಕಾಗಿ ಮಗನ ಬಾಲ್ಯವನ್ನು ಯಂತ್ರಕ್ಕೆ ಸುರಿಯುತ್ತಾನೆ. ಮಗ ‘ಓಡಿಹೋಗಬಾರದು, ಓಡಿಹೋಗಬಾರದು’ ಎಂದು ಜಪ ಮಾಡುತ್ತಾ ಕೊಡುತ್ತಲೇ ಹೋಗುತ್ತಾನೆ. ಈಡಿಪಸ್‌ಗಿಂತ ಪುರುವೇ ಇವನಿಗೆ ಹತ್ತಿರ ಎಂದು ನನಗನಿಸುತ್ತದೆ.

ಜಪಾನಿನವರಿಗೂ ಈಡಿಪಸ್ ಪೂರ್ತಿ ಹೊಂದಲಿಲ್ಲ. ಹೆಯಿಸಾಕು ಕೊಸಾವಾ ಎಂಬ ಮನೋವೈದ್ಯ 1932ರಲ್ಲಿ ವಿಯೆನ್ನಾಗೆ ಹೋಗಿ ಫ್ರಾಯ್ಡ್‌ಗೆ ‘ಅಜಾಸೆ’ ಎಂಬ ತನ್ನ ವಾದ ಒಪ್ಪಿಸಿದ. ಅಜಾಸೆ ಅಂದರೆ ನಮ್ಮ ಮಗಧದ ಅಜಾತಶತ್ರು. ಬೌದ್ಧ ಕಥೆಗಳ ಜೊತೆ ಜಪಾನಿಗೆ ಹೋದವನು. ಕೊಸಾವಾ ನೋಡಿದ್ದು ಅಮ್ಮನ ಮೇಲಿನ ಸಿಟ್ಟನ್ನು, ಆಮೇಲೆ ಅವಳ ಕ್ಷಮೆಯಿಂದ ಹುಟ್ಟುವ ಪಶ್ಚಾತ್ತಾಪವನ್ನು. 1971ರಲ್ಲಿ ಇನ್ನೊಬ್ಬ ಮನೋವೈದ್ಯ ತಾಕೆಒ ದೋಯಿ ‘ಅಮಾಎ’ ಎಂಬ ಮಾತಿನ ಮೇಲೆ ಪುಸ್ತಕ ಬರೆದ. ಮುದ್ದು ಮಾಡಿಸಿಕೊಳ್ಳುವ, ಸಲಿಗೆ ಬಯಸುವ ಮಗುವಿನ ಗುಣ ಜಪಾನಿನ ದೊಡ್ಡವರಲ್ಲೂ ಉಳಿದಿರುತ್ತದೆ ಎಂಬುದು ಅವನ ಮಾತು. ಶಿಂಜಿಗೆ ಬೇಕಾದದ್ದು ಗೆಲುವಲ್ಲ. ‘ಶಾಭಾಷ್’ ಎಂಬ ಒಂದು ಮಾತು.

ಮತ್ತೆ ಮತ್ತೆ ಅದೇ

1920ರಲ್ಲಿ ಫ್ರಾಯ್ಡ್ ತನ್ನ ಒಂದೂವರೆ ವರ್ಷದ ಮೊಮ್ಮಗನ ಆಟವೊಂದನ್ನು ವಿವರಿಸಿದ. ಅಮ್ಮ ಹೊರಗೆ ಹೋದಾಗ ಮಗು ದಾರ ಕಟ್ಟಿದ ಮರದ ರೀಲನ್ನು ಮಂಚದಾಚೆ ಎಸೆದು ‘ಹೋಯ್ತು’ ಅನ್ನುತ್ತಿತ್ತು. ಎಳೆದುಕೊಂಡು ‘ಬಂತು’ ಅನ್ನುತ್ತಿತ್ತು. ಸೆರಗಿನ ಹಿಂದೆ ಮುಖ ಮುಚ್ಚಿ ‘ಅಮ್ಮ ಎಲ್ಲಿ?’ ಎಂದು ಆಡಿಸುವುದು ನಮ್ಮ ಮನೆಗಳಲ್ಲೂ ಇದೆ. ಅಮ್ಮ ಹೋಗುವುದನ್ನು ಮಗು ತಡೆಯಲಾರದು, ಆದರೆ ಹೋಗುವಿಕೆಯನ್ನು ಆಟ ಮಾಡಿ ಅದರ ಯಜಮಾನ ಆಗಬಹುದು. ಫ್ರಾಯ್ಡ್‌ಗೆ ಗೋಜಲಾದದ್ದು ಇಲ್ಲಿ: ಮಗು ಹೆಚ್ಚು ಸಲ ಆಡಿದ್ದು ಎಸೆಯುವ ಭಾಗವನ್ನೇ. ನೋವಿನ ಭಾಗವನ್ನೇ. ಗಾಯವಾದ ಜಾಗಕ್ಕೇ ಮನಸ್ಸು ಮರಳುವುದಕ್ಕೆ ‘ಪುನರಾವರ್ತನೆಯ ಒತ್ತಡ’ ಎಂದು ಹೆಸರಾಯಿತು.

ಶಿಂಜಿಯ ಹತ್ತಿರ ಒಂದು ಟೇಪ್ ಪ್ಲೇಯರ್ ಇದೆ. ಅದರ ಪರದೆಯ ಮೇಲೆ 25, 26, ಮತ್ತೆ 25, 26 ಎಂದು ಎರಡೇ ಹಾಡು ಸುತ್ತುತ್ತವೆ. ಇತರರೂ ಹೀಗೇ. ಶಿಂಜಿಯನ್ನು ಮನೆಯಲ್ಲಿಟ್ಟುಕೊಂಡ ನೆರ್ವ್‌ನ ಅಧಿಕಾರಿ ಮಿಸಾತೊ ತನ್ನ ಅಪ್ಪನನ್ನು ದ್ವೇಷಿಸುತ್ತಾ ಅಪ್ಪನಂಥವನನ್ನೇ ಪ್ರೀತಿಸುತ್ತಾಳೆ. ನೆರ್ವ್‌ನ ವಿಜ್ಞಾನಿ ರಿತ್ಸುಕೊ ತನ್ನ ತಾಯಿ ಯಾರಿಗೆ ಒಲಿದು ಹಾಳಾದಳೋ ಅವನಿಗೇ ಒಲಿಯುತ್ತಾಳೆ. ಎವಾ ಓಡಿಸುವ ಇನ್ನೊಬ್ಬ ಹುಡುಗಿ ಅಸುಕಾಳ ತಾಯಿ ಬುದ್ಧಿ ಕೆಟ್ಟು ಒಂದು ಬೊಂಬೆಯನ್ನು ಮಗಳು ಅಂದುಕೊಂಡವಳು. ಆ ಮಗಳು ಬೆಳೆದ ಮೇಲೂ ‘ನನ್ನನ್ನು ನೋಡಿ, ನನ್ನನ್ನು ನೋಡಿ’ ಎಂದು ಜಗತ್ತಿಗೆಲ್ಲ ಕೂಗುತ್ತಿರುತ್ತಾಳೆ.

ಮುಳ್ಳುಹಂದಿಗಳ ಚಳಿ

ನಾಲ್ಕನೇ ಕಂತಿನ ಇಂಗ್ಲಿಷ್ ಹೆಸರು ‘ಹೆಡ್ಜ್‌ಹಾಗ್ಸ್ ಡಿಲೆಮಾ’. ಮೂಲ ಕಥೆ 1851ರಲ್ಲಿ ಜರ್ಮನಿಯ ತತ್ವಜ್ಞಾನಿ ಶೋಪೆನ್‌ಹೌವರ್ ಬರೆದದ್ದು. ಅವನ ಜರ್ಮನ್ ಪದವನ್ನು ಬಿಡಿಸಿದರೆ ಮುಳ್ಳು + ಹಂದಿ. ಕನ್ನಡದಲ್ಲಿ ಅನುವಾದದ ಕಷ್ಟವೇ ಇಲ್ಲ. ಚಳಿಗಾಲದಲ್ಲಿ ಮುಳ್ಳುಹಂದಿಗಳು ಬೆಚ್ಚಗಾಗಲು ಒತ್ತಿಕೊಂಡು ಕೂರುತ್ತವೆ. ಮುಳ್ಳು ಚುಚ್ಚುತ್ತದೆ, ದೂರ ಸರಿಯುತ್ತವೆ. ಚಳಿ ಆಗುತ್ತದೆ, ಮತ್ತೆ ಹತ್ತಿರ ಬರುತ್ತವೆ. ಫ್ರಾಯ್ಡ್ 1921ರಲ್ಲಿ ಈ ಕಥೆಯನ್ನು ಎತ್ತಿಕೊಂಡು, ಹತ್ತಿರದ ಎಲ್ಲ ಸಂಬಂಧದಲ್ಲೂ ಒಂದು ಪಾಲು ಕಹಿ ಉಳಿದೇ ಇರುತ್ತದೆ ಎಂದ.

ಸರಣಿಯಲ್ಲಿ ಈ ಮುಳ್ಳಿಗೆ ಒಂದು ಯುದ್ಧದ ರೂಪ ಇದೆ. ಏಂಜೆಲ್‌ಗಳ ಸುತ್ತ ಗುಂಡು ತೂರದ ಒಂದು ಪಾರದರ್ಶಕ ಗೋಡೆ ಇರುತ್ತದೆ. ಹೆಸರು ‘ಎ.ಟಿ. ಫೀಲ್ಡ್’. ಬರೀ ವೈಜ್ಞಾನಿಕ ಗುರಾಣಿ ಅಂದುಕೊಂಡು 23 ಕಂತು ನೋಡಿದವರಿಗೆ 24ರಲ್ಲಿ ಕಾವೊರು ಎಂಬ ಹುಡುಗ ಹೇಳುತ್ತಾನೆ: ಅದು ಮನಸ್ಸಿನ ಗೋಡೆ, ಎಲ್ಲರಲ್ಲೂ ಇದೆ.

ಉಪ್ಪಿನ ಗೊಂಬೆ

ಈಗ ಕಥೆಯ ದೊಡ್ಡ ಸಂಚು. ನೆರ್ವ್‌ನ ಹಿಂದಿರುವ ಮುದುಕರಿಗೆ ಈ ಗೋಡೆಗಳನ್ನೆಲ್ಲ ಕರಗಿಸಿ, ಎಲ್ಲ ಮನುಷ್ಯರ ಜೀವಗಳನ್ನು ಒಂದು ಮಾಡುವ ಯೋಜನೆ ಇದೆ. ಒಂಟಿತನ ಇರುವುದಿಲ್ಲ, ಜಗಳ ಇರುವುದಿಲ್ಲ. 1997ರ ‘ದಿ ಎಂಡ್ ಆಫ್ ಎವಾಂಗೆಲಿಯನ್’ ಸಿನಿಮಾದಲ್ಲಿ ಅದು ನಡೆದೇ ಹೋಗುತ್ತದೆ. ಜನ ಒಬ್ಬೊಬ್ಬರಾಗಿ ಅದೇ ಕಿತ್ತಳೆ ದ್ರವವಾಗಿ ಸಿಡಿದು ಒಂದು ಸಮುದ್ರ ಸೇರುತ್ತಾರೆ.

ಇಲ್ಲಿ ಭಾರತದ ಒಂದು ಎಳೆ ನಿಜವಾಗಿ ಬಂದು ಸೇರುತ್ತದೆ. ರಾಮಕೃಷ್ಣ ಪರಮಹಂಸರ ಜೀವನಚರಿತ್ರೆ ಬರೆದ ಫ್ರೆಂಚ್ ಲೇಖಕ ರೊಮಾ ರೊಲಾ, 1927ರಲ್ಲಿ ಫ್ರಾಯ್ಡ್‌ಗೆ ಒಂದು ಪತ್ರ ಬರೆದ. ತಾನು ಬೇರೆ, ಜಗತ್ತು ಬೇರೆ ಎಂಬ ಗೆರೆ ಅಳಿಸಿಹೋಗುವ ಒಂದು ‘ಸಮುದ್ರದಂಥ ಭಾವ’ ಎಲ್ಲ ಧರ್ಮದ ಬೇರು ಎಂದ. ಫ್ರಾಯ್ಡ್ 1930ರಲ್ಲಿ ಉತ್ತರ ಕೊಟ್ಟ. ನನ್ನೊಳಗೆ ಅಂಥದ್ದು ಕಾಣುತ್ತಿಲ್ಲ, ಇದ್ದರೂ ಅದು ಹಾಲು ಕುಡಿಯುವ ಕೂಸಿನ ಕಾಲದ್ದು, ಆ ಕೂಸಿಗೆ ತಾನೂ ಅಮ್ಮನ ಮೊಲೆಯೂ ಬೇರೆ ಎಂದು ಇನ್ನೂ ಗೊತ್ತಿರುವುದಿಲ್ಲ ಎಂದ. ರಾಮಕೃಷ್ಣರು ಹೇಳುತ್ತಿದ್ದ ಉಪ್ಪಿನ ಗೊಂಬೆಯ ಕಥೆ ನಮಗೆ ಗೊತ್ತು. ಸಮುದ್ರದ ಆಳ ಅಳೆಯಲು ಇಳಿದ ಗೊಂಬೆ ಕರಗಿಹೋಯಿತು. ಬಂದು ಆಳ ಎಷ್ಟೆಂದು ಹೇಳುವವರು ಯಾರು? ಅಲ್ಲಿ ಕರಗುವುದೇ ಪರಮಪದ.

ಆನ್ನೊನ ಸಿನಿಮಾದಲ್ಲಿ ಉಪ್ಪಿನ ಗೊಂಬೆ ವಾಪಸ್ ಬರುತ್ತದೆ. ಕರಗಿದ ಸಮುದ್ರದಲ್ಲಿ ಶಿಂಜಿಗೆ ನೋವಿಲ್ಲ. ಆದರೆ ಅಲ್ಲಿ ಇನ್ನೊಬ್ಬರೂ ಇಲ್ಲ. ಮತ್ತೆ ಚುಚ್ಚಿದರೂ ಪರವಾಗಿಲ್ಲ, ಜನ ಬೇಕು ಎಂದು ಅವನು ಒಪ್ಪಿಕೊಳ್ಳುತ್ತಾನೆ. ದಡದ ಮೇಲೆ ಅವನೂ ಅಸುಕಾಳೂ ಇಬ್ಬರೇ. ಅವಳು ಆಡುವ ಮಾತೇ ಸಿನಿಮಾದ ಕೊನೆಯ ಮಾತು: ‘ಕಿಮೊಚಿ ವರುಯಿ’. ಮೊದಲ ಕಂತಿನ ಅದೇ ಓಕರಿಕೆ. ಅಂದು ಅದು ಅಮ್ಮನ ನೀರಿಗೆ ಇಳಿದ ಹುಡುಗನ ಮಾತು. ಈಗ ನೀರಿನಿಂದ ಎದ್ದವನ ಎದುರು ಬೇರೊಬ್ಬಳ ಮಾತು. ಇನ್ನೊಬ್ಬರು ಇದ್ದರೆ ಅವರ ಅಸಹ್ಯವೂ ಇರುತ್ತದೆ.

ಕೊಕ್ಕೆಗೆ ಸಿಕ್ಕಿದ್ದೆಲ್ಲ ಬಿಂದಿಗೆಯಲ್ಲ

ಸರಣಿಯ ತುಂಬ ಶಿಲುಬೆಗಳಿವೆ, ಬೈಬಲಿನ ಹೆಸರುಗಳಿವೆ. ಅವುಗಳ ಅರ್ಥ ಹುಡುಕಿ ಅಭಿಮಾನಿಗಳು ವರ್ಷಗಟ್ಟಲೆ ತಲೆ ಕೆರೆದುಕೊಂಡರು. ಸಹ ನಿರ್ದೇಶಕ ಕಾಜುಯಾ ತ್ಸುರುಮಾಕಿ ಆಮೇಲೆ ಹೇಳಿದ್ದು, ಜಪಾನಿನಲ್ಲಿ ರೋಬೋಟ್ ಸರಣಿಗಳು ಬೇಕಾದಷ್ಟಿದ್ದವು, ನಮ್ಮದು ಬೇರೆ ಥರ ಕಾಣಲಿ ಅಂತ ಹಾಕಿದ್ದು ಎಂದು. ಹಾಗಾದರೆ ಹೊಕ್ಕುಳಬಳ್ಳಿಯೂ ಸುಮ್ನೆ ಇರಬಹುದಲ್ಲ? ಇರಬಹುದು. ವ್ಯತ್ಯಾಸ ಇಷ್ಟೇ: ಶಿಲುಬೆ ತೆಗೆದರೆ ಕಥೆ ಹಾಗೇ ನಿಲ್ಲುತ್ತದೆ. ಅಮ್ಮನನ್ನು ತೆಗೆದರೆ ಒಂದು ಕಂತೂ ನಿಲ್ಲುವುದಿಲ್ಲ. ಯಾವ ಓದು ಗಟ್ಟಿ, ಯಾವುದು ಜೊಳ್ಳು ಎಂದು ನೋಡಲು ನಾನು ಬಳಸುವ ತಕ್ಕಡಿ ಇದು.

ಇನ್ನೂ ಒಂದು ಎಚ್ಚರ. ಫ್ರಾಯ್ಡ್‌ನ ಹಲವು ವಾದಗಳನ್ನು ಇಂದಿನ ಮನೋವಿಜ್ಞಾನ ಒಪ್ಪುವುದಿಲ್ಲ. ಕಥೆ ಓದಲು ಒಳ್ಳೆಯ ಕನ್ನಡಕವಾದದ್ದು ಪಕ್ಕದ ಮನೆ ಹುಡುಗನ ಕಾಯಿಲೆ ಹೇಳಲು ಸಾಲದು. ಶಿಂಜಿಯ ಹಾಗೆ ನಿಜವಾಗಿ ಕುಗ್ಗಿಹೋದ ಮಕ್ಕಳಿದ್ದರೆ ಅವರಿಗೆ ಬೇಕಾದದ್ದು ಡಾಕ್ಟರು.

ಚಪ್ಪಾಳೆ ಯಾಕೆ?

ಅಕ್ಕನ ಮಗನ ಪ್ರಶ್ನೆ ಇನ್ನೂ ಬಾಕಿ ಇದೆ.

ಕೊನೆಯ ಎರಡು ಕಂತು ನಡೆಯುವುದು ಅದೇ ಕರಗುವ ಹೊತ್ತಿನಲ್ಲಿ, ಶಿಂಜಿಯ ಮನಸ್ಸಿನೊಳಗೆ. ಕತ್ತಲೆ, ಒಂದು ಮಡಚುವ ಕುರ್ಚಿ, ಪ್ರಶ್ನೆ ಕೇಳುವ ದನಿಗಳು. ಯಾಕೆ ಎವಾ ಹತ್ತಿದೆ? ಹತ್ತದಿದ್ದರೆ ನೀನು ಯಾರು? ಮಧ್ಯೆ ಬಣ್ಣ ಹೋಗಿ ಬರೀ ಪೆನ್ಸಿಲ್ ಗೆರೆಗಳು ಉಳಿಯುತ್ತವೆ. ಒಂದು ಕಡೆ ಶಿಂಜಿ ಖಾಲಿ ಬಿಳಿ ಹಾಳೆಯಲ್ಲಿ ತೇಲುತ್ತಾನೆ. ಪೂರ್ತಿ ಸ್ವಾತಂತ್ರ್ಯ, ಹಿಡಿಯಲು ಏನೂ ಇಲ್ಲ. ಆಗ ಯಾರೋ ಅವನ ಕಾಲಡಿಗೆ ಅಡ್ಡ ಒಂದು ಗೆರೆ ಎಳೆಯುತ್ತಾರೆ. ನೆಲ ಬಂತು. ಒಂದು ತಡೆ ಬಂತು, ನಿಲ್ಲಲು ಜಾಗವೂ ಬಂತು. ನಾನು ಅನ್ನುವುದಕ್ಕೆ ಒಂದು ಗಡಿ ಬೇಕು ಎಂಬ ಮನೋವಿಶ್ಲೇಷಣೆಯ ಮಾತನ್ನು ಒಂದೇ ಗೆರೆಯಲ್ಲಿ ತೋರಿಸಿದ್ದು ಆನಿಮೇಷನ್‌ಗೆ ಮಾತ್ರ ಸಾಧ್ಯ.

ಕೊನೆಗೆ ಶಿಂಜಿ, ನಾನು ಇಲ್ಲಿ ಇರಬಹುದು ಅನ್ನುತ್ತಾನೆ. ಕತ್ತಲೆಯ ಗೋಡೆ ಒಡೆದು ಆಕಾಶ ಕಾಣುತ್ತದೆ. ಸುತ್ತ ನಿಂತವರು ‘ಒಮೆದೆತೊ’ ಎಂದು ಚಪ್ಪಾಳೆ ತಟ್ಟುತ್ತಾರೆ. ಜಪಾನಿನಲ್ಲಿ ಮಗು ಹುಟ್ಟಿದಾಗಲೂ ಹೇಳುವ ಮಾತು ಅದು. ಆಮೇಲೆ ಪರದೆಯ ಮೇಲೆ ಅಕ್ಷರಗಳು ಬರುತ್ತವೆ. ಅಪ್ಪನಿಗೆ, ಥ್ಯಾಂಕ್ಸ್. ಅಮ್ಮನಿಗೆ, ಹೋಗಿ ಬರುತ್ತೇನೆ. ಎಲ್ಲ ಮಕ್ಕಳಿಗೆ, ಅಭಿನಂದನೆ.

ಆ ಎರಡನೆಯ ಸಾಲು ಜಪಾನಿಯಲ್ಲಿ ‘ಸಯೊನಾರಾ’. ಮಾಮೂಲಿ ವಿದಾಯ. ‘ಹೋಗಿ ಬರುತ್ತೇನೆ’ ಎಂದು ಬರೆದವನು ನಾನು, ಕನ್ನಡದಲ್ಲಿ ಅಮ್ಮನಿಗೆ ಬರೀ ‘ಹೋಗ್ತೀನಿ’ ಅನ್ನಲು ಬಾಯಿ ಬರಲಿಲ್ಲ. ಅಕ್ಕನ ಮಗ ಅದನ್ನು ಓದಿ ನಕ್ಕ. ‘ಮಾಮ, ಶಿಂಜಿ ಬರಲ್ಲ’ ಅಂದ.